ಮೂರು ಗೆಲುವಿನಿಂದ ಹದಿನಾರಕ್ಕೆ: ಇಂಡಿಯಾನಾ ಫುಟ್‌ಬಾಲ್ ತಂಡ ಕಟ್ಟಿದ ಲೆಕ್ಕ

2023ರ ನವೆಂಬರ್ 26ರಂದು ಇಂಡಿಯಾನಾ ವಿಶ್ವವಿದ್ಯಾಲಯ ತನ್ನ ಅಮೆರಿಕನ್ ಫುಟ್‌ಬಾಲ್ (ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಕೋಚ್ ಟಾಮ್ ಆ್ಯಲನ್ ಅವರನ್ನು ಮನೆಗೆ ಕಳಿಸಿತು. ಆ ಋತುವಿನಲ್ಲಿ 3 ಗೆಲುವು, 9 ಸೋಲು. ಒಪ್ಪಂದ ಮುರಿದದ್ದಕ್ಕೆ ಕೊಡಬೇಕಾಗಿ ಬಂದ ಮೊತ್ತ ಒಂದೂವರೆ ಕೋಟಿ ಡಾಲರಿಗೂ ಹೆಚ್ಚು. ಅಮೆರಿಕದ ಕಾಲೇಜು ಫುಟ್‌ಬಾಲಿನ ಮೇಲ್ದರ್ಜೆಯಲ್ಲಿ ಆವರೆಗೆ ಅತಿ ಹೆಚ್ಚು ಪಂದ್ಯ ಸೋತಿದ್ದ ಶಾಲೆಯೂ (ಅಲ್ಲಿ ವಿಶ್ವವಿದ್ಯಾಲಯವನ್ನೂ ಶಾಲೆ ಎನ್ನುತ್ತಾರೆ) ಇದೇ. ಸೋಲಿನ ಎಣಿಕೆ 700 ದಾಟಿತ್ತು. ವಿಶ್ವವಿದ್ಯಾಲಯ ಇರುವ ಬ್ಲೂಮಿಂಗ್ಟನ್ ಊರಿಗೆ ಬ್ಯಾಸ್ಕೆಟ್‌ಬಾಲ್ ಎಂದರೆ ಪ್ರಾಣ, ಫುಟ್‌ಬಾಲ್ ಎಂದರೆ ಬ್ಯಾಸ್ಕೆಟ್‌ಬಾಲ್ ಶುರುವಾಗುವ ತನಕದ ಕಾಲಕ್ಷೇಪ.

2026ರ ಜನವರಿ 19ರಂದು ಅದೇ ಶಾಲೆ ಮಯಾಮಿ ತಂಡವನ್ನು 27-21ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ಋತುವಿನ ಲೆಕ್ಕ 16-0. ನಡುವೆ ಸಿಕ್ಕಿದ್ದು ಇಪ್ಪತ್ತಾರು ತಿಂಗಳಿಗೂ ಕಡಿಮೆ ಅವಧಿ.

ಇದನ್ನು "ಪೋರ್ಟಲ್‌ನಿಂದ ಕೊಂಡ ಕಪ್" ಎಂದು ಹೇಳಿ ಮುಗಿಸುವವರು ಬಹಳ. ಪೋರ್ಟಲ್, ಅಂದರೆ ಶಾಲೆ ಬದಲಿಸಲು ಬಯಸುವ ಆಟಗಾರರ ಪಟ್ಟಿ, ಎಲ್ಲರಿಗೂ ತೆರೆದೇ ಇತ್ತು, ಇಂಡಿಯಾನಾಗಿಂತ ಹೆಚ್ಚು ದುಡ್ಡಿದ್ದ ಶಾಲೆಗಳೂ ಹಲವು ಇದ್ದವು. ಆದ್ದರಿಂದ ನೋಡಬೇಕಾದದ್ದು ಯಾರನ್ನು, ಯಾವ ಜಾಗಕ್ಕೆ, ಎಷ್ಟು ವರ್ಷದ ಆಟ ಬಾಕಿ ಇರುವಾಗ ತಂದರು ಎನ್ನುವುದನ್ನು.

ಮೊದಲು ನಿಯಮ

ಕಾಲೇಜು ಆಟಗಾರನಿಗೆ ಐದು ವರ್ಷದೊಳಗೆ ನಾಲ್ಕು ಋತು ಆಡುವ ಅವಕಾಶ. ಒಂದು ಋತುವಿನಲ್ಲಿ ನಾಲ್ಕು ಪಂದ್ಯ ಮೀರದಿದ್ದರೆ ಆ ವರ್ಷ ಖರ್ಚಾದ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ರೆಡ್‌ಶರ್ಟ್ ಎನ್ನುತ್ತಾರೆ. ಕೋವಿಡ್ ಕಾರಣಕ್ಕೆ 2020ರಲ್ಲಿ ತಂಡದಲ್ಲಿದ್ದವರಿಗೆ ಒಂದು ವರ್ಷ ಹೆಚ್ಚುವರಿಯಾಗಿ ಸಿಕ್ಕಿತ್ತು. ಹೀಗಾಗಿ 2024ರ ಹೊತ್ತಿಗೂ ಇಪ್ಪತ್ತಮೂರು, ಇಪ್ಪತ್ತನಾಲ್ಕು ವಯಸ್ಸಿನ ಪಳಗಿದ ಆಟಗಾರರು ಮಾರುಕಟ್ಟೆಯಲ್ಲಿ ಸಿಗುತ್ತಿದ್ದರು.

ಟ್ರಾನ್ಸ್‌ಫರ್ ಪೋರ್ಟಲ್ ಎಂದರೆ 2018ರ ಅಕ್ಟೋಬರಿನಲ್ಲಿ ಶುರುವಾದ ಒಂದು ದತ್ತಾಂಶ ಪಟ್ಟಿ, ಅಷ್ಟೇ. ಆಟಗಾರ ತನ್ನ ಶಾಲೆಯ ನಿಯಮಪಾಲನಾ ಕಚೇರಿಗೆ ತಿಳಿಸುತ್ತಾನೆ. ಎರಡು ಕೆಲಸದ ದಿನಗಳೊಳಗೆ ಶಾಲೆ ಅವನ ಹೆಸರು ಸೇರಿಸಬೇಕು. ಹೆಸರು ಬಿದ್ದ ಕ್ಷಣದಿಂದ ಬೇರೆ ಕೋಚ್‌ಗಳು ಫೋನ್ ಮಾಡಬಹುದು. ಹೆಸರು ಬಿದ್ದ ಮೇಲೆ ಹಳೆಯ ಶಾಲೆ ಅವನ ಸ್ಕಾಲರ್‌ಶಿಪ್ ಮುಂದುವರಿಸಬೇಕೆಂಬ ಕಡ್ಡಾಯವಿಲ್ಲ. ಮೊದಲೆಲ್ಲ ಶಾಲೆ ಬದಲಿಸಿದವನು ಒಂದು ವರ್ಷ ಬೆಂಚು ಕಾಯಬೇಕಿತ್ತು. 2021ರಲ್ಲಿ ಒಂದು ಸಲದ ಮಟ್ಟಿಗೆ ಆ ಶಿಕ್ಷೆ ಹೋಯಿತು. 2023ರ ಡಿಸೆಂಬರಿನಲ್ಲಿ ವೆಸ್ಟ್ ವರ್ಜೀನಿಯಾದ ಫೆಡರಲ್ ನ್ಯಾಯಾಲಯದ ಆದೇಶ, ಅದರ ಬೆನ್ನಿಗೆ 2024ರ ಏಪ್ರಿಲಿನಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎಯ ತಿದ್ದುಪಡಿ. ಅಲ್ಲಿಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು ಎಂದಾಯಿತು. ಐಪಿಎಲ್ ಹರಾಜಿಗೆ ಹೋಲಿಸುವುದು ಸುಲಭ, ಆದರೆ ಆ ಹೋಲಿಕೆ ಹೆಚ್ಚು ದೂರ ನಡೆಯದು: ಇಲ್ಲಿ ಹರಾಜುಕಟ್ಟೆಯೂ ಇಲ್ಲ, ಆಟಗಾರನನ್ನು ಉಳಿಸಿಕೊಳ್ಳುವ ಹಕ್ಕೂ ಇಲ್ಲ.

ಇವೆಲ್ಲಕ್ಕಿಂತ ಕಡಿಮೆ ಚರ್ಚೆಯಾದ, ಆದರೆ ಈ ಪ್ರಕರಣಕ್ಕೆ ತಳಪಾಯವಾದ ಬದಲಾವಣೆ ಇನ್ನೊಂದು. ಒಂದು ವರ್ಷಕ್ಕೆ ಹೊಸದಾಗಿ 25 ಜನರಿಗಷ್ಟೇ ಸ್ಕಾಲರ್‌ಶಿಪ್ ಕೊಡಬಹುದೆಂಬ ಮಿತಿಯನ್ನು 2022ರಲ್ಲಿ ತೆಗೆದುಹಾಕಿದರು. ಒಟ್ಟು 85ರ ಮಿತಿ ಮಾತ್ರ ಉಳಿಯಿತು. 25ರ ಮಿತಿ ಇದ್ದಿದ್ದರೆ ಹೈಸ್ಕೂಲಿನಿಂದ 17 ಜನ ಸಹಿ ಹಾಕಿದ ಮೇಲೆ ಪೋರ್ಟಲ್‌ಗೆ ಉಳಿಯುತ್ತಿದ್ದದ್ದು 8 ಜಾಗ. ಎಂಟು ಜನರಿಂದ 3-9ರ ತಂಡ ತಿರುಗುವುದಿಲ್ಲ.

ಎರಡು ಬಾಗಿಲು, ಒಂದೇ ವಾರ

2023ರ ನವೆಂಬರ್ 30ರಂದು ಇಂಡಿಯಾನಾ ಹೊಸ ಕೋಚ್ ಆಗಿ ಕರ್ಟ್ ಸಿಗ್ನೆಟಿ ಹೆಸರು ಪ್ರಕಟಿಸಿತು. ವಯಸ್ಸು 62. 2007ರಿಂದ 2010ರವರೆಗೆ ಅಲಬಾಮಾದಲ್ಲಿ ಹೆಸರಾಂತ ಕೋಚ್ ನಿಕ್ ಸೇಬನ್ ಕೈಕೆಳಗೆ ರಿಕ್ರೂಟಿಂಗ್ (ಆಟಗಾರರನ್ನು ಹುಡುಕಿ ತರುವ) ಸಂಯೋಜಕ. ಬಳಿಕ ಎರಡನೇ ದರ್ಜೆಯಲ್ಲಿ ಆಡುವ ಪೆನ್ಸಿಲ್ವೇನಿಯಾದ ಐಯುಪಿ, ಅಲ್ಲಿಂದ ಈಲಾನ್, ಅಲ್ಲಿಂದ ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್. ಜೇಮ್ಸ್ ಮ್ಯಾಡಿಸನ್‌ನಲ್ಲಿ ಐದು ವರ್ಷಕ್ಕೆ 52 ಗೆಲುವು, 9 ಸೋಲು. ಆಟಗಾರರನ್ನು ಹೇಗೆ ಒಲಿಸುತ್ತೀರಿ ಎಂದು ಕೇಳಿದವರಿಗೆ, ನಾನು ಗೆಲ್ಲುತ್ತೇನೆ, ಬೇಕಿದ್ದರೆ ಗೂಗಲ್ ಮಾಡಿ ಎಂದದ್ದು ಊರೆಲ್ಲ ಹರಡಿತು. ಜಂಭ ಎನಿಸಿದರೂ ಆ ಮಾತು ಗುರಿ ಇಟ್ಟದ್ದು ಪತ್ರಕರ್ತರಿಗಲ್ಲ, ಇನ್ನೂ ಸಹಿ ಹಾಕಬೇಕಿದ್ದ ಆಟಗಾರರಿಗೆ.

ಆ ವರ್ಷ ಎಲ್ಲರಿಗೂ ಪೋರ್ಟಲ್ ತೆರೆದದ್ದು ಡಿಸೆಂಬರ್ 4ಕ್ಕೆ. ಕೋಚ್ ಹೋದ ತಂಡದವರಿಗೆ ಮಾತ್ರ ಕೋಚ್ ಹೋದ ದಿನದಿಂದಲೇ 30 ದಿನದ ಪ್ರತ್ಯೇಕ ಕಿಟಕಿ, ಅಂದರೆ ಹೆಸರು ಕೊಡುವ ಅವಧಿ. ಹಾಗಾಗಿ ಇಂಡಿಯಾನಾ ಆಟಗಾರರು ಹೊರಹೋಗಲು ದಾರಿ ತೆರೆದದ್ದು ನವೆಂಬರ್ ಕೊನೆಯಲ್ಲೇ. ಸಿಗ್ನೆಟಿ ಹೊರಟದ್ದರಿಂದ ಜೇಮ್ಸ್ ಮ್ಯಾಡಿಸನ್ ಆಟಗಾರರಿಗೂ ಅದೇ ವಾರ ದಾರಿ ತೆರೆಯಿತು. ಒಂದು ಬಾಗಿಲಿನಿಂದ ನೀರು ಸೋರುತ್ತಿದ್ದಾಗಲೇ ಇನ್ನೊಂದು ಬಾಗಿಲಿನಿಂದ ತುಂಬಿಸಿಕೊಳ್ಳುವ ಅವಕಾಶ. ಹೈಸ್ಕೂಲ್ ಹುಡುಗರ ಸಹಿ ಶುರುವಾಗುವುದು ಡಿಸೆಂಬರ್ 20ಕ್ಕೆ. ಕೈಯಲ್ಲಿದ್ದದ್ದು ಮೂರು ವಾರ.

ಸೋರಿಕೆ ಸಣ್ಣದೇನಲ್ಲ. ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಟ ನಡೆಸುವವ) ಬ್ರೆಂಡನ್ ಸೋರ್ಸ್‌ಬಿ ಸಿನ್ಸಿನಾಟಿಗೆ, ರನ್ನಿಂಗ್‌ಬ್ಯಾಕ್ (ಚೆಂಡು ಹಿಡಿದು ಓಡುವವ) ಜೇಲಿನ್ ಲೂಕಸ್ ಫ್ಲಾರಿಡಾ ಸ್ಟೇಟ್‌ಗೆ ಹೋದರು. ಹೊಸ ಕೋಚ್‌ನ ಮೊದಲ ವಾರದ ಕೆಲಸ ಹೊಸಬರನ್ನು ಹುಡುಕುವುದು ಎಂದು ಹೊರಗಿನವರು ಎಣಿಸುತ್ತಾರೆ. ನಿಜಕ್ಕೂ ಅದು ಮನೆಯಲ್ಲಿರುವವರ ತಪಾಸಣೆ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಸಾಲಿನ ಎಡ ಟ್ಯಾಕಲ್ ಕಾರ್ಟರ್ ಸ್ಮಿತ್, ಇಂಡಿಯಾನಾಪೊಲಿಸ್ ಹುಡುಗ ಒಮರ್ ಕೂಪರ್, ಅದೇ ಸಾಲಿನ ನಡುವಿನ ಸೆಂಟರ್ ಮೈಕ್ ಕ್ಯಾಟಿಕ್ ಉಳಿದರು. ಪೋರ್ಟಲ್‌ಗೆ ಹೆಸರು ಕೊಟ್ಟಿದ್ದ ರಿಸೀವರ್ (ಪಾಸ್ ಹಿಡಿಯುವವ) ಡೊನಾವೆನ್ ಮೆಕಲ್ಲಿ ಹೆಸರು ಹಿಂತೆಗೆದರು. ಕೋಚ್‌ಗಳಲ್ಲಿ ಆಫೆನ್ಸಿವ್ ಲೈನ್‌ಗೆ (ದಾಳಿಯ ಮುಂಚೂಣಿ ಸಾಲಿಗೆ) ಕಲಿಸುತ್ತಿದ್ದ ಬಾಬ್ ಬೋಸ್ಟಡ್ ಅವರನ್ನು ಹೊಸ ಕೋಚ್ ಉಳಿಸಿಕೊಂಡರು. ಇದು ಸಣ್ಣ ಸುದ್ದಿಯಾಗಿ ಹೋಯಿತು, ಆದರೆ ನಮ್ಮ ಎಣಿಕೆಯಲ್ಲಿ ಆ ತಿಂಗಳ ಒಳ್ಳೆಯ ನಿರ್ಧಾರಗಳಲ್ಲಿ ಒಂದು: ಲೈನ್ ಆಟಗಾರರು ಉಳಿಯುವುದು ತಮ್ಮ ನೇರ ಕೋಚ್ ಇದ್ದರೆ.

ಹದಿಮೂರು ಜನ

ಜೇಮ್ಸ್ ಮ್ಯಾಡಿಸನ್‌ನಿಂದ ಸಿಗ್ನೆಟಿ ಹಿಂದೆ ಬಂದವರು 13 ಆಟಗಾರರು. ಲೈನ್‌ಬ್ಯಾಕರ್ (ರಕ್ಷಣೆಯ ನಡುಸಾಲಿನವರು) ಏಡನ್ ಫಿಶರ್ ಮತ್ತು ಜೇಲಿನ್ ವಾಕರ್, ಡಿಫೆನ್ಸಿವ್ ಎಂಡ್ ಮಿಕೇಲ್ ಕಮಾರಾ, ಡಿಫೆನ್ಸಿವ್ ಟ್ಯಾಕಲ್ ಜೇಮ್ಸ್ ಕಾರ್ಪೆಂಟರ್ ಮತ್ತು ಟೈರೀಕ್ ಟಕರ್, ಕಾರ್ನರ್‌ಬ್ಯಾಕ್ (ಹಿಂಬದಿ ರಕ್ಷಕ) ಡಿ'ಆ್ಯಂಜೆಲೊ ಪಾಂಡ್ಸ್, ರಿಸೀವರ್ ಇಲೈಜಾ ಸರಾಟ್, ರನ್ನಿಂಗ್‌ಬ್ಯಾಕ್ ಕೇಲಾನ್ ಬ್ಲ್ಯಾಕ್ ಅವರಲ್ಲಿ ಮುಖ್ಯರು. ಜೊತೆಗೆ ಡಿಫೆನ್ಸ್ ಸಂಯೋಜಕ ಬ್ರಯಂಟ್ ಹೇನ್ಸ್, ಆಫೆನ್ಸ್ ಸಂಯೋಜಕ ಮೈಕ್ ಶಾನಹನ್, ಶಕ್ತಿ ತರಬೇತುದಾರ ಡೆರೆಕ್ ಓವಿಂಗ್ಸ್.

ಈ ಪಟ್ಟಿಯಲ್ಲಿ ಯಾವ ಜಾಗದವರು ಹೆಚ್ಚು ನೋಡಿ. ಡಿಫೆನ್ಸ್‌ನ ಬೆನ್ನುಮೂಳೆ ಪೂರ್ತಿ ಇದೆ: ಮುಂಚೂಣಿಯ ಮಧ್ಯ, ಅಂಚು, ಎರಡೂ ಲೈನ್‌ಬ್ಯಾಕರ್, ಒಬ್ಬ ಕಾರ್ನರ್. ಹೇನ್ಸ್ ಆಡಿಸುವುದು 4-2-5 ರಚನೆ: ನಾಲ್ವರು ಮುಂದೆ, ಇಬ್ಬರು ಲೈನ್‌ಬ್ಯಾಕರ್, ಐವರು ಹಿಂದೆ. ಇದರಲ್ಲಿ ಇಬ್ಬರೇ ಲೈನ್‌ಬ್ಯಾಕರ್‌ಗಳ ತಲೆಯ ಮೇಲೆ ಕರೆಗಳ ಭಾರ. ಎದುರಾಳಿ ರಚನೆ ಬದಲಿಸಿದಾಗ ಕೂಗಿ ಎಲ್ಲರನ್ನೂ ಸರಿಪಡಿಸುವವರು ಅವರೇ. ಆ ಇಬ್ಬರಿಗೂ ಪಾಠ ಮೊದಲೇ ಬಾಯಿಪಾಠವಾಗಿದ್ದರೆ ಉಳಿದ ಒಂಬತ್ತು ಜನರಲ್ಲಿ ನಾಲ್ವರು ಹೊಸಬರಿದ್ದರೂ ನಡೆಯುತ್ತದೆ. ಹೊಸ ಕೋಚ್ ಬಂದ ಮೊದಲ ವಸಂತದ ತಾಲೀಮಿನ 15 ದಿನ ಸಾಮಾನ್ಯವಾಗಿ ಶಬ್ದಕೋಶ ಕಲಿಸುವುದರಲ್ಲೇ ಮುಗಿಯುತ್ತದೆ; ಇಲ್ಲಿ ಆಟಗಾರರೇ ಪಕ್ಕದವನಿಗೆ ಕಲಿಸುವ ಮೇಷ್ಟ್ರಾದರು.

ಎರಡನೆಯ ಅಂಶ, ಬಾಕಿ ಇದ್ದ ವರ್ಷ. ಫಿಶರ್, ಪಾಂಡ್ಸ್, ಸರಾಟ್, ಕಮಾರಾ, ಬ್ಲ್ಯಾಕ್, ಟಕರ್ ಇವರೆಲ್ಲ 2024 ಮತ್ತು 2025 ಎರಡೂ ಋತು ಆಡಿದರು. ಪೋರ್ಟಲ್‌ನಲ್ಲಿ ಒಂದು ವರ್ಷ ಉಳಿದವನನ್ನು ತಂದರೆ ಮುಂದಿನ ಡಿಸೆಂಬರಿನಲ್ಲಿ ಅದೇ ಗುಂಡಿ ಮತ್ತೆ ಬಾಯಿ ತೆರೆಯುತ್ತದೆ. ಅಂಥ ಗುಂಡಿ ಇಪ್ಪತ್ತು ಇದ್ದರೆ ತಂಡ ಪ್ರತಿವರ್ಷ ಮೊದಲಿನಿಂದ ಶುರುವಾಗುತ್ತದೆ. ಫ್ಲಾರಿಡಾ ಸ್ಟೇಟ್ 2023ರಲ್ಲಿ 13-1 ಇದ್ದದ್ದು 2024ರಲ್ಲಿ 2-10ಕ್ಕೆ ಕುಸಿದದ್ದರಲ್ಲಿ ಇದರ ಪಾಲು ದೊಡ್ಡದು: ಪೋರ್ಟಲ್‌ನಿಂದ ಬಂದಿದ್ದ ಮೇಲ್ಮಟ್ಟದ ಆಟಗಾರರು ಒಟ್ಟಿಗೇ ವೃತ್ತಿಪರ ಲೀಗ್‌ಗೆ ಹೋದರು, ಅವರ ಕೆಳಗೆ ಹಣ್ಣಾದ ಸಾಲು ಇರಲಿಲ್ಲ.

ಉಳಿದ ಜಾಗ ತುಂಬಿದ್ದು ಹೀಗೆ

ಪೋರ್ಟಲ್‌ನಿಂದ ಬಂದವರು ಒಟ್ಟು ಸುಮಾರು 30 ಜನ. 85ರ ತಂಡವನ್ನು ಸಾಮಾನ್ಯವಾಗಿ ಹಂಚುವ ಕ್ರಮ ಇದು: ಕ್ವಾರ್ಟರ್‌ಬ್ಯಾಕ್ 4, ರನ್ನಿಂಗ್‌ಬ್ಯಾಕ್ 5, ರಿಸೀವರ್ 11, ಟೈಟ್ ಎಂಡ್ 5, ಆಫೆನ್ಸಿವ್ ಲೈನ್ 16, ಡಿಫೆನ್ಸಿವ್ ಲೈನ್ 15, ಲೈನ್‌ಬ್ಯಾಕರ್ 10, ಹಿಂಬದಿ ರಕ್ಷಕರು 16, ಕಿಕ್ಕರ್ ಮೊದಲಾದವರು 3. ಒಂದೆರಡು ಆಚೀಚೆ ಇರಬಹುದು. ಎರಡೂ ಲೈನ್ ಸೇರಿ 31 ಆಯಿತು ಎನ್ನುವುದು ಗಮನಿಸಬೇಕಾದ ಸಂಖ್ಯೆ. 130 ಕಿಲೋ ತೂಕದ, ಕಾಲು ಚುರುಕಾದ, ಆಡಿ ಪಳಗಿದ ಲೈನ್ ಆಟಗಾರ ಪೋರ್ಟಲ್‌ನಲ್ಲಿ ಅಪರೂಪದ ಸರಕು. ರಿಸೀವರ್‌ಗಳು ಸಂತೆಯ ತರಕಾರಿಯಂತೆ ರಾಶಿ ಬಿದ್ದಿರುತ್ತಾರೆ. ಅವಸರದ ಕೋಚ್ ಅಲ್ಲಿಗೇ ಮೊದಲು ನುಗ್ಗುತ್ತಾನೆ.

ಕೊಲೊರಾಡೊ 2023ರಲ್ಲಿ 50ಕ್ಕೂ ಹೆಚ್ಚು ಜನರನ್ನು ಪೋರ್ಟಲ್‌ನಿಂದ ತಂದಿತು. ಕ್ವಾರ್ಟರ್‌ಬ್ಯಾಕ್, ರಿಸೀವರ್, ಕಾರ್ನರ್ ಎಲ್ಲ ಕಣ್ಣು ಕುಕ್ಕುವಂಥವರೇ. ಮೂರು ಪಂದ್ಯ ಗೆದ್ದು ದೇಶವನ್ನೇ ತನ್ನತ್ತ ತಿರುಗಿಸಿದ ತಂಡ ಕೊನೆಗೆ 4-8. ಆ ವರ್ಷ ಅವರ ಲೈನ್ ಬಿಟ್ಟುಕೊಟ್ಟ ಸ್ಯಾಕ್ (ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್ ನೆಲಕ್ಕುರುಳುವುದು) 56.

ಸಿಗ್ನೆಟಿ ತತ್ವವನ್ನು ಅವರೇ ಪದೇ ಪದೇ ಹೇಳಿದ್ದಾರೆ: ಮುಂದೆ ಏನಾಗಬಲ್ಲ ಎನ್ನುವುದಕ್ಕಿಂತ ಈಗಾಗಲೇ ಏನು ಮಾಡಿದ್ದಾನೆ ಎನ್ನುವುದು ಮೇಲು. ಕೆಲಸದ ಮಾತಿನಲ್ಲಿ ಇದರ ಅರ್ಥ, ಹೈಸ್ಕೂಲ್ ಆಟಗಾರರಿಗೆ ಕೊಡುವ ಸ್ಟಾರ್ ಗಣನೆಯನ್ನು ಪಕ್ಕಕ್ಕಿಟ್ಟು ಕಾಲೇಜಿನಲ್ಲಿ ಆಡಿದ ಸ್ನ್ಯಾಪ್‌ಗಳನ್ನು (ಪಂದ್ಯದ ಒಂದೊಂದು ಆಟವನ್ನು) ನೋಡು. ದೊಡ್ಡ ಶಾಲೆಯಲ್ಲಿ ಮೂರು ವರ್ಷ ಬೆಂಚು ಕಾದ ನಾಲ್ಕು ಸ್ಟಾರ್ ಹುಡುಗನಿಗಿಂತ ಸಣ್ಣ ಶಾಲೆಯಲ್ಲಿ ಎರಡು ವರ್ಷ ಪ್ರತಿ ಪಂದ್ಯ ಆಡಿದವನ ಬಗ್ಗೆ ನಮಗೆ ಗೊತ್ತಿರುವುದು ಹೆಚ್ಚು. ಕ್ವಾರ್ಟರ್‌ಬ್ಯಾಕ್ ಕರ್ಟಿಸ್ ರೋರ್ಕ್ ಬಂದದ್ದು ಒಹಾಯೊ ವಿಶ್ವವಿದ್ಯಾಲಯದಿಂದ. ಅದು ದೊಡ್ಡ ಹೆಸರಿನ ಒಹಾಯೊ ಸ್ಟೇಟ್ ಅಲ್ಲ, ಮ್ಯಾಕ್ ಎಂಬ ಸಣ್ಣ ಲೀಗಿನ ಶಾಲೆ. ಡಿಫೆನ್ಸಿವ್ ಟ್ಯಾಕಲ್ ಸಿ.ಜೆ. ವೆಸ್ಟ್ ಬಂದದ್ದು ಕೆಂಟ್ ಸ್ಟೇಟ್‌ನಿಂದ, ಆ ತಂಡ ಹಿಂದಿನ ವರ್ಷ 1-11. ತಂಡ ಸೋತಿತೆಂದು ಅದರ ಮಧ್ಯದಲ್ಲಿ ಇಬ್ಬರನ್ನು ತಡೆದು ನಿಂತವನನ್ನು ಯಾರೂ ನೋಡುವುದಿಲ್ಲ. ವೀಡಿಯೊ ಹಾಕಿ ಕುಳಿತವನು ನೋಡುತ್ತಾನೆ. ವೆಸ್ಟ್ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಕಾಲೇಜು ಆಟಗಾರರನ್ನು ಆರಿಸುವ 2025ರ ಡ್ರಾಫ್ಟಿನಲ್ಲಿ ಆಯ್ಕೆಯಾದರು.

ಆಯ್ಕೆಯ ಪರೀಕ್ಷೆ ವೀಡಿಯೊದಲ್ಲಿ ಮುಗಿಯುವುದಿಲ್ಲ. ಗಾಯದ ದಾಖಲೆ ಬೇಕು. ಅಂಕಪಟ್ಟಿ ಅದಕ್ಕಿಂತ ಮೊದಲು ಬೇಕು, ಏಕೆಂದರೆ ವ್ಯವಹಾರ ಮುರಿದುಬೀಳುವ ಸಾಮಾನ್ಯ ಜಾಗ ಅದೇ. ಪದವಿಯ ಶೇ 40ರಷ್ಟು ಮೂರನೇ ವರ್ಷದ ಆರಂಭಕ್ಕೆ, ಶೇ 60ರಷ್ಟು ನಾಲ್ಕನೆಯದಕ್ಕೆ, ಶೇ 80ರಷ್ಟು ಐದನೆಯದಕ್ಕೆ ಮುಗಿದಿರಬೇಕು. ಹಳೆಯ ಶಾಲೆಯಲ್ಲಿ ಪಡೆದ ಕ್ರೆಡಿಟ್ ಹೊಸ ಶಾಲೆಯ ಪದವಿಗೆ ಒಪ್ಪಿಗೆಯಾಗದಿದ್ದರೆ ಆಟಗಾರ ಕೈಗೆ ಬಂದರೂ ಮೈದಾನಕ್ಕಿಲ್ಲ. ಪದವಿ ಮುಗಿಸಿ ಬರುವವರು ಈ ತೊಡಕಿನಿಂದ ಪಾರು. ಹಿರಿಯ ಆಟಗಾರರನ್ನು ಅರಸುವ ಕೋಚ್‌ಗೆ ಇದೂ ಒಂದು ಅನುಕೂಲ.

ಮೊದಲ ಋತು ತೋರಿಸಿದ ಬಿರುಕು

2024ರಲ್ಲಿ ಮೊದಲ ಹತ್ತು ಪಂದ್ಯ ಗೆಲುವು. ಏಳನೆಯದರಲ್ಲಿ ನೆಬ್ರಾಸ್ಕಾವನ್ನು 56-7ರಿಂದ ಸೋಲಿಸುವಾಗ ರೋರ್ಕ್ ಹೆಬ್ಬೆರಳು ಮುರಿಯಿತು. ಮುಂದಿನ ವಾರ ವಾಷಿಂಗ್ಟನ್ ವಿರುದ್ಧ ಹಿಂದಿನ ಕೋಚ್ ಕಾಲದಿಂದ ಉಳಿದಿದ್ದ ಟೇವನ್ ಜಾಕ್ಸನ್ ಆಡಿ 31-17ರಿಂದ ಗೆಲ್ಲಿಸಿದರು. ಉಳಿಸಿಕೊಂಡವರ ಬೆಲೆ ಗೊತ್ತಾಗುವುದು ಇಂಥ ಒಂದು ಶನಿವಾರ. ಜೇಮ್ಸ್ ಮ್ಯಾಡಿಸನ್‌ನಿಂದ ಬಂದವರ ಆ ಋತುವಿನ ಲೆಕ್ಕ: ಫಿಶರ್ 118 ಟ್ಯಾಕಲ್ (ಎದುರಾಳಿಯನ್ನು ಕೆಡವಿದ್ದು), ಕಮಾರಾ 10 ಸ್ಯಾಕ್, ಸರಾಟ್ ಪಾಸ್ ಹಿಡಿದು 957 ಗಜ.

ನವೆಂಬರ್ 23ರಂದು ಒಹಾಯೊ ಸ್ಟೇಟ್ ಅಂಗಳದಲ್ಲಿ 38-15ರ ಸೋಲು. ಇಂಡಿಯಾನಾ ಲೈನ್ ಮುರಿದುಬಿತ್ತು. ರೋರ್ಕ್ ಐದು ಸಲ ನೆಲಕ್ಕುರುಳಿದರು, ಇಡೀ ಪಂದ್ಯದಲ್ಲಿ ಆಫೆನ್ಸ್ ಗಳಿಸಿದ್ದು 151 ಗಜ. ಪರ್ಡ್ಯೂವನ್ನು 66-0ರಿಂದ ಬಡಿದು 11-1ರೊಂದಿಗೆ ಪ್ಲೇಆಫ್‌ಗೆ (ರಾಷ್ಟ್ರೀಯ ಚಾಂಪಿಯನ್ ತೀರ್ಮಾನಿಸುವ ನಾಕೌಟ್ ಹಂತಕ್ಕೆ) ಹೋದರೂ ಡಿಸೆಂಬರ್ 20ರಂದು ನಾಟರ್ ಡೇಮ್ 27-17ರಿಂದ ಮನೆಗೆ ಕಳಿಸಿತು. ಆ ಪಂದ್ಯದಲ್ಲಿ ಜೆರೆಮಾಯಾ ಲವ್ 98 ಗಜ ಓಡಿ ಅಂಕ ಗಳಿಸಿದ್ದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಪಾಠ ಒಂದೇ: ಸಣ್ಣ ಲೀಗಿನ ಪಳಗಿದ ಆಟಗಾರರಿಂದ ಮಧ್ಯಮ ತಂಡಗಳನ್ನು ದಾಟಬಹುದು, ಆದರೆ ಮೇಲ್ತುದಿಯಲ್ಲಿ ಮೈತೂಕ ಮಾತಾಡುತ್ತದೆ. ಸುಲಭದ ವೇಳಾಪಟ್ಟಿ ಎಂದು ಟೀಕಾಕಾರರು ಹೇಳಿದ್ದರಲ್ಲಿ ಹುರುಳಿತ್ತು.

ಎರಡನೇ ಸುತ್ತು: ಕಡಿಮೆ ಗುಂಡಿ, ದಪ್ಪ ಮಣ್ಣು

2025ಕ್ಕೆ ಪಟ್ಟಿಯ ಸ್ವರೂಪ ಬದಲಾಯಿತು. ಅಡಿಪಾಯ ಇತ್ತು, ಹಾಗಾಗಿ ಬಿರುಕಿನ ಜಾಗಕ್ಕೇ ಗುರಿ. ಸೆಂಟರ್ ಸ್ಥಾನಕ್ಕೆ ಪ್ಯಾಟ್ ಕೂಗನ್. ಬಂದದ್ದು ಎಲ್ಲಿಂದ ಎಂದರೆ ಡಿಸೆಂಬರಿನಲ್ಲಿ ತಮ್ಮನ್ನೇ ಸೋಲಿಸಿದ ನಾಟರ್ ಡೇಮ್‌ನಿಂದ, ಆ ಪಂದ್ಯದಲ್ಲಿ ಚೆಂಡು ಹಿಂದಕ್ಕೆ ಕೊಟ್ಟವರೂ ಅವರೇ. ಮೇರಿಲ್ಯಾಂಡ್‌ನಿಂದ ರನ್ನಿಂಗ್‌ಬ್ಯಾಕ್ ರೋಮನ್ ಹೆಂಬಿ. ಡಿಫೆನ್ಸಿವ್ ಲೈನ್‌ಗೆ ವೆಸ್ಟರ್ನ್ ಕೆಂಟಕಿಯ ಹೊಸಿಯಾ ವೀಲರ್, ಮತ್ತೆ ಕೆಂಟ್ ಸ್ಟೇಟ್‌ನಿಂದಲೇ ಸ್ಟೀಫನ್ ಡೇಲಿ. ಕೆಂಟ್ ಸ್ಟೇಟ್ ಈ ಸಲ 0-12 ಆಗಿತ್ತು! ಬಾವಿ ಬತ್ತಿದೆ ಎಂದು ಊರು ಅಂದರೂ ಇವರು ಅಲ್ಲೇ ಕೊಡ ಇಳಿಸಿದರು. ಬಿಟ್ಟುಹೋಗಿದ್ದವರೂ ಮರಳಿದರು: ಕಹ್ಲಿಲ್ ಬೆನ್ಸನ್ ಕೊಲೊರಾಡೊದಿಂದ, ಸೇಫ್ಟಿ (ಹಿಂಬದಿ ರಕ್ಷಕ) ಲೂಯಿಸ್ ಮೂರ್ ಓಲ್ ಮಿಸ್ ಎಂದು ಕರೆಯುವ ಮಿಸಿಸಿಪ್ಪಿ ವಿಶ್ವವಿದ್ಯಾಲಯದಿಂದ. ಜೂನಿಯರ್ ಕಾಲೇಜಿನಲ್ಲಿ ಆಡಿದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುವ ನಿಯಮದಡಿ ಮೂರ್ ಅರ್ಹತೆ ಮುಗಿದಿತ್ತು. ಟೆಕ್ಸಾಸ್ ನ್ಯಾಯಾಲಯದ ಆದೇಶದ ಬಲದಿಂದ ಋತು ಪೂರ್ತಿ ಆಡಿದರು. ಇಂದು ತಂಡ ಕಟ್ಟುವವನ ಮೇಜಿನ ಮೇಲೆ ವಕೀಲರ ನಂಬರ್ ಕೂಡ ಇರಬೇಕು.

ಕ್ವಾರ್ಟರ್‌ಬ್ಯಾಕ್ ವಿಷಯ ಸ್ವಲ್ಪ ನಿಧಾನವಾಗಿ ನೋಡತಕ್ಕದ್ದು. ಫರ್ನಾಂಡೊ ಮೆಂಡೋಜಾ ಹೈಸ್ಕೂಲಿನಲ್ಲಿ ಯಾರೂ ಕೇಳದ ಹುಡುಗ; ಮೊದಲು ಯೇಲ್‌ಗೆ ಒಪ್ಪಿ ಬಳಿಕ ಕ್ಯಾಲಿಫೋರ್ನಿಯಾ ಬರ್ಕ್ಲಿಗೆ ಹೋದವರು. 2024ರಲ್ಲಿ ಅಲ್ಲಿ ಅವರು 41 ಸಲ ಸ್ಯಾಕ್ ಆದರು. ಈ ಸಂಖ್ಯೆಯನ್ನು ಎರಡು ರೀತಿ ಓದಬಹುದು. ಚೆಂಡು ಹಿಡಿದು ತಡಮಾಡುತ್ತಾನೆ ಎಂದು ಒಂದು. ಮುರುಕು ಲೈನ್ ಹಿಂದೆ ನಿಂತು ಏಟು ತಿಂದೂ ಎಸೆಯುತ್ತಾನೆ ಎಂದು ಇನ್ನೊಂದು. ಯಾವುದು ಸರಿ ಎಂದು ತೀರ್ಮಾನಿಸಲು ಪ್ರತಿ ಸ್ಯಾಕ್ ಅನ್ನು ಪ್ರತ್ಯೇಕವಾಗಿ ನೋಡಬೇಕು: ಎಷ್ಟನೇ ಸೆಕೆಂಡಿಗೆ ಒತ್ತಡ ಬಂತು, ತಪ್ಪು ಯಾರದು, ಆಗ ಕಣ್ಣು ಎಲ್ಲಿತ್ತು. ಮೆಂಡೋಜಾ ಪದವಿ ಮುಗಿಸಿದ್ದರು, ಆಡಲು ಒಂದಕ್ಕಿಂತ ಹೆಚ್ಚು ವರ್ಷ ಬಾಕಿ ಇತ್ತು. ತಮ್ಮ ಆಲ್ಬರ್ಟೊ ಮೊದಲೇ ಇಂಡಿಯಾನಾ ತಂಡದಲ್ಲಿದ್ದ. ಅವನೂ ಮೂಲತಃ ಜೇಮ್ಸ್ ಮ್ಯಾಡಿಸನ್‌ಗೆ ಒಪ್ಪಿ, ಸಿಗ್ನೆಟಿ ಹೋದಲ್ಲಿಗೆ ದಾರಿ ಬದಲಿಸಿದವನು. ಅಣ್ಣನಿಗೆ ಕೋಚ್‌ಗಳ ಬಗ್ಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. 2025ರ ಡಿಸೆಂಬರಿನಲ್ಲಿ ಮೆಂಡೋಜಾ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಪಡೆದರು.

ದುಡ್ಡಿನ ಮಾತು. 2024ರ ತನಕ ಆಟಗಾರರಿಗೆ ಹಣ ಬರುತ್ತಿದ್ದದ್ದು ಬೆಂಬಲಿಗರ ಒಕ್ಕೂಟಗಳಿಂದ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ, ಹೌಸ್ ಎಂಬ ಮೊಕದ್ದಮೆಯ ರಾಜಿ ಒಪ್ಪಂದದಂತೆ ಶಾಲೆಯೇ ನೇರವಾಗಿ, 2025-26ರ ವರ್ಷಕ್ಕೆ 2 ಕೋಟಿ 5 ಲಕ್ಷ ಡಾಲರ್ ತನಕ, ಎಲ್ಲ ಕ್ರೀಡೆಗಳ ಆಟಗಾರರಿಗೆ ಹಂಚಬಹುದಾಯಿತು; 85 ಸ್ಕಾಲರ್‌ಶಿಪ್ ಮಿತಿ ಹೋಗಿ 105 ಜನರ ತಂಡದ ಮಿತಿ ಬಂತು. ಇಂಡಿಯಾನಾ ಬಡ ಶಾಲೆಯೇನಲ್ಲ, ಹಳೆಯ ವಿದ್ಯಾರ್ಥಿ, ಕೋಟ್ಯಧಿಪತಿ ಮಾರ್ಕ್ ಕ್ಯೂಬನ್ ಕೂಡ ಹಣ ಕೊಟ್ಟರು. ಆದರೆ ಹಣ ಎಷ್ಟಿದ್ದರೂ ಹಂಚಿಕೆಯಲ್ಲಿ ಎಡವುವ ಜಾಗ ಗೊತ್ತಿರಬೇಕು: ಹೊಸ ರಿಸೀವರ್‌ಗೆ ಹೆಚ್ಚು ಕೊಟ್ಟ ಸುದ್ದಿ ಲೈನ್‌ನಲ್ಲಿ ಆಡುವ ಹಳೆಯ ಗಾರ್ಡ್ ಕಿವಿಗೆ ಬೀಳಲು ಒಂದು ಊಟದ ಹೊತ್ತು ಸಾಕು.

ಫಲ ಮೈದಾನದಲ್ಲಿ ಕಂಡಿತು. ಅಕ್ಟೋಬರಿನಲ್ಲಿ ಆರಿಗನ್ ಅಂಗಳದಲ್ಲಿ 30-20. ಡಿಸೆಂಬರ್ 6ರಂದು ತಾನಾಡುವ ಬಿಗ್ ಟೆನ್ ಲೀಗಿನ ಫೈನಲ್‌ನಲ್ಲಿ ಒಹಾಯೊ ಸ್ಟೇಟ್ ಮೇಲೆ 13-10. ಆ ಗೆಲುವಿನ ಸಂಭ್ರಮದಲ್ಲೇ ಡೇಲಿ ಗಾಯಗೊಂಡು ಮುಂದಿನ ಪಂದ್ಯಗಳಿಗೆ ಇಲ್ಲವಾದರು. ಪ್ಲೇಆಫ್‌ನ ಕ್ವಾರ್ಟರ್‌ಫೈನಲ್ ಆದ ರೋಸ್ ಬೌಲ್‌ನಲ್ಲಿ ಅಲಬಾಮಾ ಮೇಲೆ 38-3, ಅಲ್ಲಿ ಆಫೆನ್ಸ್‌ನ ಶ್ರೇಷ್ಠ ಆಟಗಾರ ಎಂದು ಆರಿಸಿದ್ದು ಸೆಂಟರ್ ಕೂಗನ್ ಅವರನ್ನು. ಸೆಮಿಫೈನಲ್ ಆದ ಪೀಚ್ ಬೌಲ್‌ನಲ್ಲಿ ಆರಿಗನ್ ಮೇಲೆ 56-22.

ಫೈನಲ್‌ನ ಮೂರು ಆಟಗಳಲ್ಲಿ ಇಡೀ ಕಟ್ಟಡ ಕಾಣುತ್ತದೆ. ಮಯಾಮಿಯ ಪಂಟ್ (ಚೆಂಡನ್ನು ದೂರಕ್ಕೆ ಒದೆಯುವುದು) ತಡೆದದ್ದು ಜೇಮ್ಸ್ ಮ್ಯಾಡಿಸನ್‌ನಿಂದ ಬಂದ ಕಮಾರಾ; ಆ ಚೆಂಡಿನ ಮೇಲೆ ಬಿದ್ದು ಅಂಕ ಗಳಿಸಿದ್ದು ಹೈಸ್ಕೂಲಿನಿಂದ ನೇರ ಇಂಡಿಯಾನಾಗೆ ಬಂದಿದ್ದ ಲೈನ್‌ಬ್ಯಾಕರ್ ಐಸೆಯಾ ಜೋನ್ಸ್. ನಾಲ್ಕನೇ, ಅಂದರೆ ಕೊನೆಯ ಯತ್ನದಲ್ಲಿ ನಾಲ್ಕು ಗಜ ಬೇಕಿದ್ದಾಗ ತಾನೇ 12 ಗಜ ಓಡಿ ಟಚ್‌ಡೌನ್ ಮಾಡಿದ್ದು ಎರಡನೇ ಸುತ್ತಿನ ಮೆಂಡೋಜಾ. ಕೊನೆಯಲ್ಲಿ ಮಯಾಮಿಯ ಪಾಸ್ ಕಸಿದು ಪಂದ್ಯ ಮುಗಿಸಿದ್ದು ಜಮಾರಿ ಶಾರ್ಪ್, ಹಿಂದಿನ ಕೋಚ್ ಆ್ಯಲನ್ ಕಾಲದಿಂದ ಉಳಿದು ಕಾದ ಹುಡುಗ.

ಹಿಂದೆ ಉಳಿದ ಊರಿನ ಕತೆಯೂ ಈ ಕಡತಕ್ಕೆ ಸೇರಬೇಕು. 13 ಜನ ಹೋದ ಜೇಮ್ಸ್ ಮ್ಯಾಡಿಸನ್ ಸತ್ತುಹೋಗಲಿಲ್ಲ. ಹೋಲಿ ಕ್ರಾಸ್‌ನಿಂದ ಬಾಬ್ ಚೆಸ್ನಿಯನ್ನು ಕರೆತಂದು ಅದೇ ಪೋರ್ಟಲ್‌ನಿಂದ ಮತ್ತೆ ಕಟ್ಟಿತು, 2025ರಲ್ಲಿ ಪ್ಲೇಆಫ್‌ಗೂ ಬಂತು. ಬಳಿಕ ಚೆಸ್ನಿ ಯುಸಿಎಲ್‌ಎಗೆ ಹೊರಟರು, ಕಿಟಕಿ ಮತ್ತೆ ತೆರೆಯಿತು.

2026ರಿಂದ ವರ್ಷದ ಎರಡನೆಯದಾಗಿದ್ದ ವಸಂತದ ಕಿಟಕಿ ರದ್ದಾಗಿ ಒಂದೇ ಕಿಟಕಿ ಉಳಿದಿದೆ: ಜನವರಿ 2ರಿಂದ 16. ಇಂಡಿಯಾನಾ ರೋಸ್ ಬೌಲ್ ಆಡಿದ್ದು 1ಕ್ಕೆ, ಪೀಚ್ ಬೌಲ್ 9ಕ್ಕೆ, ಫೈನಲ್ 19ಕ್ಕೆ. ಎದುರಾಳಿಯ ವೀಡಿಯೊ ನೋಡಬೇಕಾದ ಕೋಚ್‌ಗಳೇ ಅದರ ನಡುವೆ ಹೊಸಬರಿಗೆ ಊರು ತೋರಿಸಬೇಕಿತ್ತು. ಆ ದಿನಗಳಲ್ಲೇ ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ (ಟಿಸಿಯು) ಕ್ವಾರ್ಟರ್‌ಬ್ಯಾಕ್ ಜೋಶ್ ಹೂವರ್ ಮುಂದಿನ ಋತುವಿಗೆ ಇಂಡಿಯಾನಾಗೆ ಬರಲು ಒಪ್ಪಿದರು. ಫೈನಲ್ ಆಡಿದ ಎರಡು ತಂಡಗಳ ಆಟಗಾರರಿಗೆ ಐದು ದಿನದ ಹೆಚ್ಚುವರಿ ಕಿಟಕಿ ಇತ್ತು, ಜನವರಿ 20ರಿಂದ 24ರವರೆಗೆ. ಅಣ್ಣನ ಹಿಂದೆ ಒಂದು ಋತು ಬೆಂಚಿನಲ್ಲಿ ಕಾದಿದ್ದ, ಈಗ ಮತ್ತೊಬ್ಬ ಹಿರಿಯನ ಹಿಂದೆ ಕಾಯಬೇಕಾಗಿ ಬಂದ ಆಲ್ಬರ್ಟೊ ಮೆಂಡೋಜಾ ಪೋರ್ಟಲ್‌ಗೆ ಹೆಸರು ಕೊಟ್ಟು ಜಾರ್ಜಿಯಾ ಟೆಕ್‌ಗೆ ಹೊರಟ.